‘ತಡೆಯಬಹುದು’ ಅನ್ನುವ ಮಾತು ಕೇಳಿ ತರಬೇತಿಯಿಂದ ಎದ್ದು ಬಂದೆ

ಮಳೆನಿಂತಮೇಲೆ

ಮೂರು ವರ್ಷದ ಹಿಂದೆ ನನ್ನ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡ. ಹೋದ ವಾರ ನಾನು ಕೆಲಸ ಮಾಡುವ ಕಡೆ ಆತ್ಮಹತ್ಯೆ ತಡೆ ತರಬೇತಿ ಇತ್ತು. ಅರ್ಧ ದಿನದ್ದು. ಬರಲೇಬೇಕು ಅಂತ ಯಾರೂ ಹೇಳಿರಲಿಲ್ಲ. ನಾನೇ ಹೆಸರು ಕೊಟ್ಟೆ.

ಶುರುವಿನಲ್ಲೇ ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: ‘ಪ್ರತಿಯೊಂದು ಆತ್ಮಹತ್ಯೆಯನ್ನೂ ತಡೆಯಬಹುದು.’ ಅದರ ಕೆಳಗೆ ಮುನ್ಸೂಚನೆಗಳ ಪಟ್ಟಿ. ಒಂದೊಂದಾಗಿ ಓದಿದರು. ನಿದ್ದೆ ಕೆಡುವುದು. ಜನರಿಂದ ದೂರ ಇರುವುದು. ತನ್ನ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು. ನನ್ನ ತಮ್ಮ ಹೋಗುವ ಹದಿನೈದು ದಿನ ಮುಂಚೆ ತನ್ನ ಹೆಡ್‌ಫೋನ್ ನನಗೆ ಕೊಟ್ಟಿದ್ದ. ‘ನಾನು ಹೊಸದು ತಗೋತೀನಿ, ಇದು ನಿನಗಿರಲಿ’ ಅಂದಿದ್ದ. ನಾನು ಖುಷಿಯಿಂದ ಇಟ್ಟುಕೊಂಡೆ.

ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಎದ್ದು ಹೊರಗೆ ಬಂದೆ. ಯಾರೂ ಹಿಂದೆ ಬರಲಿಲ್ಲ. ಫೋನ್ ಬಂದಿರಬೇಕು ಅಂದುಕೊಂಡಿದ್ದಾರೆ.

ನನಗೆ ಎರಡು ಪ್ರಶ್ನೆ ಇದೆ. ಈ ತರಬೇತಿಗಳಿಂದ ನಿಜವಾಗಿ ಯಾರಾದರೂ ಉಳಿಯುತ್ತಾರಾ, ಯಾರಾದರೂ ಲೆಕ್ಕ ಹಾಕಿದ್ದಾರಾ? ಮತ್ತೆ, ಆ ಕೋಣೆಯಲ್ಲಿ ನನ್ನಂಥವರೂ ಕೂತಿರುತ್ತಾರೆ ಅಂತ ಇವರಿಗೆ ಗೊತ್ತಿರುತ್ತದಾ?

ನಿರ್ವಾಹಕರು

ಒಂದೇ ಕೋರಿಕೆ. ಯಾರು ಹೇಗೆ ತೀರಿಕೊಂಡರು ಅನ್ನುವ ವಿವರ ಇಲ್ಲಿ ಬೇಡ. ಓದುತ್ತಿರುವ ಯಾರಿಗಾದರೂ ಈಗಲೇ ಸಾಯುವ ಯೋಚನೆ ಕಾಡುತ್ತಿದ್ದರೆ ಇಲ್ಲಿ ಉತ್ತರಕ್ಕೆ ಕಾಯಬೇಡಿ. ಸಹಾಯವಾಣಿಗೋ, ತುರ್ತು ಸೇವೆಗೋ, ಹತ್ತಿರದಲ್ಲಿರುವ ಒಬ್ಬರಿಗೋ ಈಗಲೇ ಫೋನ್ ಮಾಡಿ. ಒಬ್ಬರೇ ಇರಬೇಡಿ.

ಅಂಕಿಲೆಕ್ಕ

ಅಕ್ಕ, ನಿಮ್ಮ ತಮ್ಮನ ವಿಷಯ ಓದಿ ತುಂಬಾ ಬೇಜಾರಾಯಿತು. ಹೆಡ್‌ಫೋನ್ ವಿಷಯ ತಲೆಯಿಂದ ಹೋಗುತ್ತಿಲ್ಲ.

ಮೊದಲ ಪ್ರಶ್ನೆಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಆರೋಗ್ಯದ ಅಂಕಿಅಂಶ ನೋಡುವುದೇ ನನ್ನ ಕೆಲಸ. ಲೆಕ್ಕ ಹಾಕಿದ್ದಾರೆ. ಆದರೆ ಉತ್ತರ ನೇರವಾಗಿಲ್ಲ.

ನೀವು ಹೋಗಿದ್ದಂಥದ್ದಕ್ಕೆ ‘ಗೇಟ್‌ಕೀಪರ್ ತರಬೇತಿ’ ಅನ್ನುತ್ತಾರೆ. ಶಿಕ್ಷಕರು, ಪೊಲೀಸರು, ಜೊತೆ ಕೆಲಸ ಮಾಡುವವರು, ಹೀಗೆ ಜನರ ಮಧ್ಯೆ ಇರುವವರಿಗೆ ಮೂರು ವಿಷಯ ಕಲಿಸುತ್ತಾರೆ. ಸೂಚನೆ ಗುರುತಿಸುವುದು, ನೇರವಾಗಿ ಕೇಳುವುದು, ಸಹಾಯ ಸಿಗುವ ಕಡೆ ಕರೆದುಕೊಂಡು ಹೋಗುವುದು. ಇಂಥ ತರಬೇತಿಗಳಲ್ಲಿ ಕ್ಯೂಪಿಆರ್ ಅನ್ನುವುದು ಒಂದೆರಡು ಗಂಟೆಯದು. ಅಸಿಸ್ಟ್ ಅನ್ನುವುದು ಎರಡು ದಿನದ್ದು.

ಅಮೆರಿಕದ 32 ಶಾಲೆಗಳಲ್ಲಿ ಕ್ಯೂಪಿಆರ್ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ಶಾಲೆಗೆ ಮೊದಲು ತರಬೇತಿ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಒಂದು ವರ್ಷ ಕಳೆದ ಮೇಲೂ ಸಿಬ್ಬಂದಿಗೆ ತಿಳಿವಳಿಕೆ ಜಾಸ್ತಿ ಇತ್ತು, ಧೈರ್ಯವೂ ಜಾಸ್ತಿ ಇತ್ತು. ಆದರೆ ಮಕ್ಕಳನ್ನು ಕರೆದು ‘ಸಾಯುವ ಯೋಚನೆ ಬರುತ್ತಿದೆಯಾ’ ಅಂತ ಕೇಳುವುದು ಜಾಸ್ತಿ ಆಗಿದ್ದು ಹೆಚ್ಚಾಗಿ ಯಾರಲ್ಲಿ ಗೊತ್ತಾ? ಮಕ್ಕಳು ಮೊದಲಿನಿಂದಲೂ ಯಾರ ಹತ್ತಿರ ಬಂದು ಕಷ್ಟಸುಖ ಹೇಳಿಕೊಳ್ಳುತ್ತಿದ್ದರೋ ಅವರಲ್ಲಿ. ಉಳಿದವರು ಕಲಿತರು, ಸುಮ್ಮನಿದ್ದರು.

ಇನ್ನೊಂದು ಯುರೋಪಿನ ಸೇಯ್ಲ್ ಅಧ್ಯಯನ, 2015ರದ್ದು. ಹತ್ತು ದೇಶ, 168 ಶಾಲೆ, ಹನ್ನೊಂದು ಸಾವಿರಕ್ಕೂ ಜಾಸ್ತಿ ಮಕ್ಕಳು. ಕೆಲವು ಶಾಲೆಯಲ್ಲಿ ಶಿಕ್ಷಕರಿಗೆ ಕ್ಯೂಪಿಆರ್ ಕೊಟ್ಟರು. ಕೆಲವು ಶಾಲೆಯಲ್ಲಿ ಶಿಕ್ಷಕರನ್ನು ಬಿಟ್ಟು ಮಕ್ಕಳ ಜೊತೆಗೇ ಕೂತು ನಾಟಕ, ಮಾತುಕತೆ ಮಾಡಿಸಿದರು. ಒಂದು ವರ್ಷದ ನಂತರ ಮಕ್ಕಳ ಜೊತೆ ಕೂತ ಶಾಲೆಗಳಲ್ಲಿ ಆತ್ಮಹತ್ಯೆ ಯತ್ನಗಳು, ಹೋಲಿಕೆಗೆ ಅಂತ ಇಟ್ಟುಕೊಂಡ ಬೇರೆ ಶಾಲೆಗಳಲ್ಲಿದ್ದದ್ದರ ಅರ್ಧಕ್ಕಿಂತ ಕೆಳಗಿದ್ದವು. ಶಿಕ್ಷಕರಿಗೆ ಕ್ಯೂಪಿಆರ್ ಕೊಟ್ಟ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ದಂಡ ಅಂತೀರಾ? ಅದೂ ಅಲ್ಲ. ಅಮೆರಿಕದಲ್ಲೇ ಸರ್ಕಾರದ ಹಣದಲ್ಲಿ ಇಂಥ ತರಬೇತಿ ನಡೆದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳ ಥರ), ಅದೇ ಥರದ ಆದರೆ ತರಬೇತಿ ಇಲ್ಲದ ಕೌಂಟಿಗಳ ಜೊತೆ ಹೋಲಿಸಿದ್ದಾರೆ. ಮುಂದಿನ ವರ್ಷ ಹದಿಹರೆಯದವರಲ್ಲಿ, ಯುವಜನರಲ್ಲಿ ಯತ್ನಗಳು 1000ಕ್ಕೆ ಸುಮಾರು 5 ಕಡಿಮೆ ಇದ್ದವು. ಸಾವೂ ಕಡಿಮೆ ಇತ್ತು. ಆಮೇಲೆ ಆ ವ್ಯತ್ಯಾಸ ಮಸುಕಾಯಿತು. ಒಮ್ಮೆ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಮುಗಿಯುವ ಕೆಲಸ ಅಲ್ಲ ಇದು, ಅಷ್ಟಂತೂ ಗೊತ್ತಾಗುತ್ತದೆ.

ಸುಮ್ನೆ_ಓದುಗ

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ‘ಸಾಯುವ ಯೋಚನೆ ಬರುತ್ತಿದೆಯಾ’ ಅಂತ ಬಾಯಿ ಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗಲ್ವಾ?

ರಾತ್ರಿಪಾಳಿ

ದಡ್ಡ ಪ್ರಶ್ನೆ ಏನಲ್ಲ. ಸಹಾಯವಾಣಿಗೆ ಸೇರುವಾಗ ನಾನು ಕೇಳಿದ ಮೊದಲ ಪ್ರಶ್ನೆಯೂ ಇದೇ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2300ಕ್ಕೂ ಜಾಸ್ತಿ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದರು. ಅರ್ಧ ಮಕ್ಕಳಿಗೆ ಈ ಪ್ರಶ್ನೆ ಕೇಳಿದರು, ಅರ್ಧ ಮಕ್ಕಳಿಗೆ ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಸಂಕಟ ಜಾಸ್ತಿ ಆಗಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗೆ ಕೇಳಿದ್ದರಿಂದ ಸ್ವಲ್ಪ ಹಗುರ ಆದ ಹಾಗೇ ಕಂಡಿತು. ಆಮೇಲಿನ ಅಧ್ಯಯನಗಳೂ ಇದನ್ನೇ ಹೇಳಿವೆ.

ಆದರೆ ಹೇಗೆ ಕೇಳುತ್ತೇವೆ ಅನ್ನುವುದು ಮುಖ್ಯ. ನಮ್ಮ ಮಾತಿನಲ್ಲಿ ಒಂದು ಚಾಳಿ ಇದೆ ನೋಡಿ. ‘ಹಾಗೆಲ್ಲ ಏನೂ ಯೋಚನೆ ಇಲ್ಲ ತಾನೇ?’ ಅಂತ ಕೇಳುತ್ತೇವೆ. ಆ ‘ತಾನೇ’ ಇದೆಯಲ್ಲ, ಅದು ಪ್ರಶ್ನೆಯೇ ಅಲ್ಲ. ‘ಇಲ್ಲ ಅಂತ ಹೇಳಿ ನನ್ನನ್ನು ಬಚಾವ್ ಮಾಡು’ ಅನ್ನುವ ಬೇಡಿಕೆ. ಎದುರಿನವರು ಪಾಪ ‘ಇಲ್ಲಪ್ಪ’ ಅಂದುಬಿಡುತ್ತಾರೆ. ‘ಏನಾದರೂ ಮಾಡಿಕೊಂಡುಬಿಟ್ಟೀಯ’ ಅನ್ನುವುದೂ ಅಷ್ಟೇ, ಅದು ಗದರಿಸುವುದು. ‘ಇಷ್ಟು ಕಷ್ಟದಲ್ಲಿ ಕೆಲವರಿಗೆ ಸಾಯಬೇಕು ಅನ್ನಿಸುತ್ತದೆ. ನಿನಗೂ ಹಾಗೆ ಅನ್ನಿಸುತ್ತಿದೆಯಾ?’ ಅಂತ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಂಡಿರುವುದನ್ನು ಕಲಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

@ಅಂಕಿಲೆಕ್ಕ, ಸಹಾಯವಾಣಿಯ ಕಡೆಯಿಂದ ಒಂದು ಸೇರಿಸುತ್ತೇನೆ. ಅಸಿಸ್ಟ್ ಕಲಿತ ಸ್ವಯಂಸೇವಕರನ್ನೂ ಕಲಿಯದವರನ್ನೂ ಅಮೆರಿಕದ 17 ಕೇಂದ್ರಗಳಲ್ಲಿ ಹೋಲಿಸಿದ್ದರು, 2013ರಲ್ಲಿ ಬಂತು. ಕಲಿತವರ ಜೊತೆ ಮಾತಾಡಿದವರು ಕರೆ ಮುಗಿಯುವಷ್ಟರಲ್ಲಿ ಹೆಚ್ಚು ಸಮಾಧಾನದಲ್ಲಿದ್ದರು. ದಿನಾ ಬಳಸುವ ಜಾಗದಲ್ಲಿ ತರಬೇತಿ ಕೆಲಸ ಮಾಡುತ್ತದೆ ಅಂತ ನನ್ನ ಅನಿಸಿಕೆ. ವರ್ಷಕ್ಕೊಮ್ಮೆ ಬಳಸುವ ಜಾಗದಲ್ಲಿ ತುಕ್ಕು ಹಿಡಿಯುತ್ತದೆ.

ಅಂಕಿಲೆಕ್ಕ

ತುಕ್ಕು ಅಂದಾಗ ನೆನಪಾಯಿತು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1983–84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆ ಖಿನ್ನತೆ ಗುರುತಿಸುವ ಶಿಕ್ಷಣ ಕೊಟ್ಟರು. ಆತ್ಮಹತ್ಯೆ ಕಡಿಮೆಯಾಯಿತು. ಮೂರು ವರ್ಷಕ್ಕೆ ಮತ್ತೆ ಏರಿತು. ಅಷ್ಟರಲ್ಲಿ ಕಲಿತ ವೈದ್ಯರಲ್ಲಿ ಸುಮಾರು ಅರ್ಧ ಜನ ದ್ವೀಪ ಬಿಟ್ಟು ಹೋಗಿದ್ದರಂತೆ. ದ್ವೀಪ ಚಿಕ್ಕದು, ಸಂಖ್ಯೆಯೂ ಚಿಕ್ಕದು, ಹಾಗಾಗಿ ತೀರಾ ನೆಚ್ಚಿಕೊಳ್ಳಬಾರದು. ಆದರೂ ನನಗೆ ಇದು ಮರೆಯುವುದಿಲ್ಲ.

ನೇರಮಾತು77

ಎಲ್ಲಾ ಸರಿ. ಆದರೆ ಮೇಡಂ, ಮೂರು ವರ್ಷ ಆಯಿತು. ಹೋದವರು ವಾಪಸ್ ಬರುವುದಿಲ್ಲ. ಧೈರ್ಯ ತಂದುಕೊಂಡು ಮುಂದೆ ಹೋಗಬೇಕು. ಇಂಥ ತರಬೇತಿಗೆಲ್ಲ ನೀವು ಹೋಗಬಾರದಿತ್ತು.

ಒಂದು_ಕುರ್ಚಿ_ಖಾಲಿ

@ನೇರಮಾತು77, ನೀವು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಅಂತ ಗೊತ್ತು. ನನಗೂ ಇದನ್ನೇ ಎಲ್ಲರೂ ಹೇಳಿದರು. ನನ್ನ ಮಗ ಹೋಗಿ ಏಳು ವರ್ಷ ಆಯಿತು.

ಏನಾಗುತ್ತದೆ ಗೊತ್ತಾ. ಮೊದಲ ವಾರ ಮನೆ ತುಂಬ ಜನ. ಎರಡನೇ ವಾರದಿಂದ ಯಾರೂ ಅವನ ಹೆಸರು ಎತ್ತುವುದಿಲ್ಲ. ಹೆಸರು ಎತ್ತಿದರೆ ನನಗೆ ನೋವಾಗುತ್ತದೆ ಅಂತ ಅವರ ಲೆಕ್ಕ. ಎತ್ತದಿದ್ದರೆ ಅವನು ಹುಟ್ಟೇ ಇರಲಿಲ್ಲವೇನೋ ಅನ್ನುವ ಹಾಗೆ ಆಗುತ್ತದೆ. ಕ್ಯಾನ್ಸರಿನಿಂದ ಹೋಗಿದ್ದರೆ ‘ಎಷ್ಟು ಚೆನ್ನಾಗಿ ಹಾಡುತ್ತಿದ್ದ ಅಲ್ವಾ’ ಅಂತ ನೆನೆಸಿಕೊಳ್ಳುತ್ತಿದ್ದರು. ಇದರಲ್ಲಿ ಅದೂ ಇಲ್ಲ. ಒಬ್ಬರು ಮಾತ್ರ ಬಂದು ‘ಇವತ್ತು ಅವನ ಬಗ್ಗೆ ಏನಾದರೂ ಹೇಳಿ’ ಅಂದರು. ಅವರು ನೆಂಟರೂ ಅಲ್ಲ.

ಮಳೆನಿಂತಮೇಲೆ, ಮಗಳೇ, ನೀನು ಎದ್ದು ಬಂದಿದ್ದು ಸರಿ. ಕೂತಿದ್ದರೂ ಸರಿ.

ಅಂಕಿಲೆಕ್ಕ

ಅಮ್ಮ ಹೇಳಿದ್ದಕ್ಕೆ ಸಂಶೋಧನೆಯೂ ಇದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿದ್ದ, ಹತ್ತಿರದವರನ್ನು ಕಳೆದುಕೊಂಡ 3432 ಯುವಜನರ ಅಧ್ಯಯನ 2016ರಲ್ಲಿ ಬಂತು. ಆತ್ಮಹತ್ಯೆಯಿಂದ ಆಪ್ತರನ್ನು ಕಳೆದುಕೊಂಡವರಲ್ಲಿ, ಹಠಾತ್ ಕಾಯಿಲೆಯಿಂದ ಕಳೆದುಕೊಂಡವರಿಗಿಂತ, ಮುಂದೆ ತಾವೂ ಯತ್ನ ಮಾಡುವ ಸಂಭವ ಸುಮಾರು 65% ಜಾಸ್ತಿ ಇತ್ತು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಬಹುಪಾಲು ಜನ ಅಂಥದ್ದೇನೂ ಮಾಡಿಕೊಂಡಿರಲಿಲ್ಲ. ಎರಡು ವಿಷಯ ಗಮನಿಸಿ. ರಕ್ತ ಸಂಬಂಧ ಇಲ್ಲದ ಗೆಳೆಯರಲ್ಲೂ ಇದೇ ಕಂಡಿತು, ಹಾಗಾಗಿ ಬರೀ ವಂಶದ ಮಾತು ಅಲ್ಲ. ಮತ್ತೆ, ಜನ ತಮ್ಮನ್ನು ಬೇರೆ ಥರ ನೋಡುತ್ತಾರೆ ಅನ್ನುವ ಅನಿಸಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ತಗ್ಗಿತು. ಹೆಸರು ಎತ್ತದೆ ಇರುವುದು ಸಣ್ಣ ವಿಷಯ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

@ನೇರಮಾತು77, ಇಂಥವರು ಎಷ್ಟು ಜನ ಅಂತೀರಿ? ಒಂದು ಆತ್ಮಹತ್ಯೆ ಆದರೆ ಆರು ಜನರಿಗೆ ಪೆಟ್ಟು ಬೀಳುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಅಂದಾಜಿಗೆ ಹೇಳಿದ ಸಂಖ್ಯೆ ಅದು. ಜೂಲಿ ಸೆರೆಲ್ ಮತ್ತು ಜೊತೆಗಾರರು ಫೋನ್ ಸಮೀಕ್ಷೆ ಮಾಡಿ ನೋಡಿದರೆ, ಸತ್ತವರನ್ನು ಬಲ್ಲವರು 135 ಜನ ಅಂತ ಬಂತು. ಎಲ್ಲರಿಗೂ ಒಂದೇ ಪೆಟ್ಟು ಅಲ್ಲ, ನಿಜ. ಆದರೆ ವರ್ಷಕ್ಕೆ 7 ಲಕ್ಷಕ್ಕೂ ಜಾಸ್ತಿ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವೇ ಗುಣಿಸಿ ನೋಡಿ. ಯಾವ ತರಬೇತಿ ಕೋಣೆಯಲ್ಲೂ ಇಂಥವರು ಒಬ್ಬರೂ ಇಲ್ಲದೆ ಇರುವುದು ಅಪರೂಪ.

ಹಳೇ_ತರಬೇತುದಾರ

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಿಮ್ಮಲ್ಲಿಗೆ ಬಂದಿದ್ದು ನಾನಲ್ಲ. ಆದರೆ ‘ತಡೆಯಬಹುದು’ ಅನ್ನುವ ಆ ಸಾಲನ್ನು ನಾನೂ ಹತ್ತು ವರ್ಷದಿಂದ ತೋರಿಸುತ್ತಿದ್ದೇನೆ.

ಯಾಕೆ ಇಡುತ್ತೇವೆ ಅಂದರೆ, ಬಹಳ ಜನ ‘ಸಾಯಬೇಕು ಅಂತ ತೀರ್ಮಾನ ಮಾಡಿದವರನ್ನು ಯಾರೂ ತಡೆಯಲಾರರು’ ಅಂತ ನಂಬಿಕೊಂಡು ಬರುತ್ತಾರೆ. ಆ ನಂಬಿಕೆ ಇದ್ದರೆ ಯಾರೂ ಕೈ ಚಾಚುವುದಿಲ್ಲ. ಅದನ್ನು ಒಡೆಯಬೇಕು. ಒಡೆಯುವ ಭರದಲ್ಲಿ ಇನ್ನೊಂದು ತುದಿಗೆ ಹೋಗಿಬಿಟ್ಟಿದ್ದೇವೆ. ‘ತಡೆಯಬಹುದು’ ಅಂತ ನಾವು ಮುಂದಕ್ಕೆ ಹೇಳುತ್ತೇವೆ. ನೀವು ಅದನ್ನು ಹಿಂದಕ್ಕೆ ಕೇಳಿಸಿಕೊಳ್ಳುತ್ತೀರಿ, ‘ತಡೆಯಬಹುದಿತ್ತು’ ಅಂತ. ಒಂದಕ್ಷರ ಜಾಸ್ತಿ, ಅಷ್ಟೇ. ಇದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಗುತ್ತಿದೆ.

ಯಾರೂ ಹಿಂದೆ ಬರಲಿಲ್ಲ ಅಂದಿರಲ್ಲ, ಅದಂತೂ ತಪ್ಪೇ. ಅಸಿಸ್ಟ್‌ನಂಥ ಎರಡು ದಿನದ ಕಾರ್ಯಾಗಾರಕ್ಕೆ ಕನಿಷ್ಠ ಇಬ್ಬರು ತರಬೇತುದಾರರು ಇರುತ್ತಾರೆ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಹಿಂದೆ ಹೋಗಬಹುದು. ಅರ್ಧ ದಿನದ್ದಕ್ಕೆ ಒಬ್ಬರನ್ನೇ ಕಳಿಸುತ್ತಾರೆ, ಖರ್ಚು ಉಳಿಯಲಿ ಅಂತ.

ಪದಪೆಟ್ಟಿಗೆ

ಸ್ವಲ್ಪ ಪಕ್ಕದ ಮಾತು. ಮಳೆನಿಂತಮೇಲೆ ಅವರು ‘ಆತ್ಮಹತ್ಯೆಯಿಂದ ತೀರಿಕೊಂಡ’ ಅಂತ ಬರೆದಿದ್ದಾರೆ. ‘ಮಾಡಿಕೊಂಡ’ ಅಂತ ಬರೆದಿಲ್ಲ. ನನಗೆ ತಟ್ಟನೆ ಕಣ್ಣಿಗೆ ಬಿತ್ತು. ನಮ್ಮ ಪದದೊಳಗೇ ‘ಹತ್ಯೆ’ ಕೂತಿದೆ. ಹತ್ಯೆ ಅಂದಮೇಲೆ ಅಪರಾಧಿ ಬೇಕಲ್ಲ. ಸತ್ತವರು ಆಗುತ್ತಾರೆ, ಇಲ್ಲದಿದ್ದರೆ ಮನೆಯವರು. ಪತ್ರಿಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ, ‘ಆತ್ಮಹತ್ಯೆಗೆ ಶರಣು’ ಅಂತ ಬರೆಯುತ್ತಾರೆ. ಶರಣು ಹೋಗುವುದು ಕಾಪಾಡುವವರ ಹತ್ತಿರ ಅಲ್ವಾ? ಸಾವನ್ನು ಆಸರೆ ಅನ್ನುವ ಹಾಗೆ ಮಾಡುತ್ತದೆ ಆ ತಲೆಬರಹ. ಬದುಕಿ ಉಳಿದವರಿಗೆ ‘ವಿಫಲ ಯತ್ನ’ ಅನ್ನುವುದಂತೂ ಕೇಳಲೇಬೇಡಿ. ಬದುಕಿದ್ದು ವೈಫಲ್ಯವಂತೆ!

ಮಳೆನಿಂತಮೇಲೆ

@ಪದಪೆಟ್ಟಿಗೆ, ನಾನು ಯೋಚಿಸಿ ಬರೆಯಲಿಲ್ಲ. ನಮ್ಮಮ್ಮ ಹಾಗೆ ಹೇಳುತ್ತಾರೆ. ‘ಮಾಡಿಕೊಂಡ’ ಅನ್ನುವ ಮಾತು ಅವರ ಬಾಯಲ್ಲಿ ಇವತ್ತಿಗೂ ಬಂದಿಲ್ಲ.

ಎಲ್ಲರಿಗೂ ಥ್ಯಾಂಕ್ಸ್. ಆದರೆ ಹೆಡ್‌ಫೋನ್ ವಿಷಯ ಹಾಗೇ ಉಳಿಯಿತು. ಪಟ್ಟಿಯಲ್ಲಿ ಅದು ಇತ್ತು. ಪಟ್ಟಿ ನನಗೆ ಮುಂಚೆ ಗೊತ್ತಿದ್ದಿದ್ದರೆ?

ಅಂಕಿಲೆಕ್ಕ

ಇದಕ್ಕೆ ಸಮಾಧಾನದ ಮಾತು ನನಗೆ ಬರುವುದಿಲ್ಲ ಅಕ್ಕ. ಗೊತ್ತಿರುವ ಒಂದು ಲೆಕ್ಕ ಹೇಳುತ್ತೇನೆ.

2017ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. 50 ವರ್ಷದಲ್ಲಿ ಬಂದ 365 ಅಧ್ಯಯನಗಳನ್ನು ಒಟ್ಟು ಹಾಕಿದರು. ಯಾವ ಅಂಶ ನೋಡಿ ಯಾರು ಆತ್ಮಹತ್ಯೆಯಿಂದ ಸಾಯುತ್ತಾರೆ ಅಂತ ಮೊದಲೇ ಹೇಳಬಹುದು ಅನ್ನುವುದು ಪ್ರಶ್ನೆ. ನಿರಾಶೆ, ಖಿನ್ನತೆ, ಹಿಂದಿನ ಯತ್ನ, ಎಲ್ಲವನ್ನೂ ನೋಡಿದರು. ಒಂದೊಂದನ್ನೇ ಹಿಡಿದು ಊಹಿಸಿದರೆ, ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಚೂರು ಮೇಲು, ಅಷ್ಟೇ. ಓದಿದವರು, ಇದೇ ಕೆಲಸ ಮಾಡುವವರು, ಐವತ್ತು ವರ್ಷ.

ಪಟ್ಟಿ ಸುಳ್ಳಲ್ಲ. ಅದನ್ನು ಮಾಡಿದ್ದು ಹಿಂದಿನಿಂದ, ಸಾವಿನಿಂದ ಶುರು ಮಾಡಿ. ಹಿಂದಿನಿಂದ ನೋಡಿದರೆ ಹೆಡ್‌ಫೋನ್ ಒಂದು ಸೂಚನೆ. ಮುಂದಿನಿಂದ ನೋಡಿದರೆ ಅದು ಒಬ್ಬ ತಮ್ಮ ತನ್ನ ಅಕ್ಕನಿಗೆ ಕೊಟ್ಟ ಹೆಡ್‌ಫೋನ್. ಅದೇ ವಾರ ಎಷ್ಟೋ ಸಾವಿರ ತಮ್ಮಂದಿರು ಅಕ್ಕಂದಿರಿಗೆ ಏನೇನೋ ಕೊಟ್ಟಿರುತ್ತಾರೆ. ಅವರು ಚೆನ್ನಾಗಿದ್ದಾರೆ, ಹಾಗಾಗಿ ಅವು ಯಾವ ಪಟ್ಟಿಗೂ ಬರುವುದಿಲ್ಲ.

ಊರಿಗೆ ಊರನ್ನೇ ತೆಗೆದುಕೊಂಡರೆ ಸಾವು ಕಡಿಮೆ ಮಾಡಬಹುದು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 2001–02ರಲ್ಲಿ ವೈದ್ಯರು, ಪತ್ರಕರ್ತರು, ಪಾದ್ರಿಗಳು, ಶಿಕ್ಷಕರು ಎಲ್ಲರನ್ನೂ ಸೇರಿಸಿಕೊಂಡು ಕೆಲಸ ಮಾಡಿದಾಗ ಸಾವು ಮತ್ತು ಯತ್ನ ಸೇರಿ 24% ಇಳಿಯಿತು. ಆದರೆ ಆ 24% ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ‘ಆತ್ಮಹತ್ಯೆ ಕಡಿಮೆ ಮಾಡಬಹುದು’ ನಿಜ. ‘ನಿಮ್ಮ ತಮ್ಮನನ್ನು ನೀವು ತಡೆಯಬಹುದಿತ್ತು’ ಅದರಿಂದ ಹುಟ್ಟುವ ಮಾತೇ ಅಲ್ಲ. ಲೆಕ್ಕದ ಪ್ರಕಾರ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ.

ನೇರಮಾತು77

ನನ್ನ ಹಿಂದಿನ ಮಾತಿಗೆ ಕ್ಷಮೆ ಇರಲಿ. ನನಗೂ ಒಬ್ಬ ಗೆಳೆಯ ಇದ್ದ. ಮುಂದೆ ಹೋಗಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದನ್ನೇ ನಿಮಗೂ ಹೇಳಿಬಿಟ್ಟೆ ಅನ್ನಿಸುತ್ತದೆ.

ಒಂದು ಕೇಳಬೇಕಿತ್ತು. ಇದಕ್ಕೆ ಏನಾದರೂ ಸಹಾಯ ಅಂತ ಇದೆಯಾ, ಉಳಿದವರಿಗೆ?

ರಾತ್ರಿಪಾಳಿ

ಇದೆ. ಶ್ನೈಡ್‌ಮನ್ನರೇ ಅದಕ್ಕೆ ‘ಪೋಸ್ಟ್‌ವೆನ್ಷನ್’ ಅಂತ ಹೆಸರಿಟ್ಟರು. ಸಾವಿನ ನಂತರದ ಆಸರೆ ಅನ್ನಬಹುದು. ಅದು ಮುಂದಿನ ತಲೆಮಾರಿನ ತಡೆ ಅನ್ನುವುದು ಅವರ ವಾದ.

ಕಷ್ಟ ಏನು ಅಂದರೆ ಉಳಿದವರು ತಾವಾಗಿ ಬರುವುದಿಲ್ಲ. ಕೈಗೆ ಕರಪತ್ರ ಕೊಟ್ಟರೆ ಅದು ಡ್ರಾಯರಿನಲ್ಲಿ ಹೋಗುತ್ತದೆ. ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಫ್ರಾಂಕ್ ಕ್ಯಾಂಬೆಲ್ ಅನ್ನುವವರು ಬೇರೆ ದಾರಿ ಹಿಡಿದರು. ಇದೇ ನೋವು ಉಂಡು ತರಬೇತಿ ಪಡೆದವರ ತಂಡ ಸಾವಿನ ಸುದ್ದಿ ಬಂದ ಕೂಡಲೇ ಮನೆಯವರ ಹತ್ತಿರ ಹೋಗುತ್ತದೆ. ಉಪದೇಶ ಇಲ್ಲ. ‘ನಮ್ಮ ಮನೆಯಲ್ಲೂ ಆಗಿದೆ, ಬೇಕಾದಾಗ ಕರೆಯಿರಿ’ ಅಷ್ಟೇ. ತಂಡ ಹೋದ ಮನೆಯವರು ಸುಮಾರು 48 ದಿನಕ್ಕೆ ಸಹಾಯ ಹುಡುಕಿಕೊಂಡು ಬಂದರು. ತಂಡ ಹೋಗದ ಕಡೆ 97 ದಿನ.

ದುಃಖ ಕಡಿಮೆ ಮಾಡುತ್ತದಾ ಅಂದರೆ, ಅಷ್ಟು ಭರವಸೆ ಕೊಡಲಾರೆ. ನೆದರ್ಲೆಂಡ್ಸ್‌ನಲ್ಲಿ 122 ಜನರ ಮೇಲೆ ಪರೀಕ್ಷೆ ನಡೆದಿತ್ತು, 2007ರಲ್ಲಿ ಬಂತು. ನರ್ಸ್ ಒಬ್ಬರು ಕುಟುಂಬದ ಜೊತೆ ನಾಲ್ಕು ಸಲ ಕೂತು ಮಾತಾಡುವುದು. ದುಃಖದ ತೀವ್ರತೆಯಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ‘ನನ್ನಿಂದಲೇ ಆಯಿತು’ ಅನ್ನುವ ಭಾವನೆ ಕಡಿಮೆಯಾಯಿತು. ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ನಿಮ್ಮ ಗೆಳೆಯನ ಬಗ್ಗೆ ಹೇಳಬೇಕು ಅನ್ನಿಸಿದರೆ ಹೇಳಿ. ಮತ್ತೆ ಒಂದು ನೇರವಾಗಿಯೇ ಕೇಳುತ್ತೇನೆ. ನಿಮಗೇ ಯಾವತ್ತಾದರೂ ಸಾಯಬೇಕು ಅನ್ನಿಸುತ್ತದಾ?

ನೇರಮಾತು77

ಆಗ ಅನ್ನಿಸುತ್ತಿತ್ತು. ಈಗ ಇಲ್ಲ. ಯಾರೂ ಕೇಳಿರಲಿಲ್ಲ ಇದನ್ನು. ಅವನ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ರಾತ್ರಿಪಾಳಿ

ಬರೆಯಿರಿ. ಮತ್ತೆ ಯಾವಾಗಲಾದರೂ ಆ ಯೋಚನೆ ಬಂದರೆ ಆ ‘ಇನ್ನೊಂದು ದಿನ’ಕ್ಕೆ ಕಾಯಬೇಡಿ, ಅವತ್ತೇ ಹೇಳಿ.

ಹಳೇ_ತರಬೇತುದಾರ

ಮುಂದಿನ ವಾರ ನನ್ನದೊಂದು ತರಬೇತಿ ಇದೆ. ಆ ಸಾಲು ತೆಗೆದೆ. ಬದಲಿಗೆ ಶುರುವಿನಲ್ಲಿ ಹೀಗೆ ಹೇಳೋಣ ಅಂತ: ‘ನಮ್ಮಲ್ಲಿ ಕೆಲವರು ಈಗಾಗಲೇ ಒಬ್ಬರನ್ನು ಕಳೆದುಕೊಂಡಿರಬಹುದು. ಇವತ್ತು ಕಲಿಯುವುದು ಮುಂದಕ್ಕೆ ಉಪಯೋಗಕ್ಕೆ, ಹಿಂದಿನದನ್ನು ಅಳೆಯುವುದಕ್ಕೆ ಅಲ್ಲ. ಯಾರಿಗೆ ಕಷ್ಟವಾದರೂ ಎದ್ದು ಹೋಗಬಹುದು.’ ಮಳೆನಿಂತಮೇಲೆ ಅವರೇ, ಸರಿ ಇದೆಯಾ?

ಮಳೆನಿಂತಮೇಲೆ

‘ಎದ್ದು ಹೋಗಬಹುದು’ ಆದಮೇಲೆ ‘ನಮ್ಮಲ್ಲಿ ಒಬ್ಬರು ಹಿಂದೆ ಬರುತ್ತೇವೆ’ ಅಂತ ಸೇರಿಸಿ. ಬಂದು ಏನೂ ಹೇಳಬೇಕಾಗಿಲ್ಲ.

ಹಳೇ_ತರಬೇತುದಾರ

ಸೇರಿಸಿದೆ. ಇನ್ನೊಬ್ಬರನ್ನು ಕಳಿಸಿ ಅಂತ ಪತ್ರವನ್ನೂ ಬರೆದಿದ್ದೇನೆ. ಕಳಿಸದಿದ್ದರೆ ನನ್ನ ಹೆಂಡತಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಅವಳು ಒಪ್ಪಿದ್ದಾಳೆ.

ಒಂದು_ಕುರ್ಚಿ_ಖಾಲಿ

ಮಗಳೇ, ನಿನ್ನ ತಮ್ಮ ಆ ಹೆಡ್‌ಫೋನಿನಲ್ಲಿ ಏನು ಕೇಳುತ್ತಿದ್ದ?

ಮಳೆನಿಂತಮೇಲೆ

ಅಯ್ಯೋ, ಅದನ್ನು ಕೇಳಬೇಡಿ ಅಮ್ಮ. ಬರೀ ಕ್ರಿಕೆಟ್ ಕಾಮೆಂಟರಿ. ಹಳೇ ಪಂದ್ಯಗಳದ್ದು, ಯಾರು ಗೆದ್ದರು ಅಂತ ಗೊತ್ತಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದ. ನಾನು ಬೈಯುತ್ತಿದ್ದೆ. ಇನ್ನೂ ತುಂಬಾ ಇದೆ ಅವನ ಬಗ್ಗೆ, ಹೇಳಲಾ?

ಒಂದು_ಕುರ್ಚಿ_ಖಾಲಿ

ಹೇಳು.